ಅಪ್ಪೆಮಿಡಿ ಮರದ ಬುಡದಲ್ಲಿ ಅಣಬೆ ಎದ್ದಿದೆ: ಕಡಿಸಬೇಕಾ, ಉಳಿಸಬಹುದಾ?

ಮಿಡಿಮನೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ ಒಂದು ಹಳೇ ಅಪ್ಪೆಮಿಡಿ ಮಾವಿನ ಮರ ಇದೆ. ಜೀರಿಗೆ ಪರಿಮಳದ ಮಿಡಿ. ಅಜ್ಜ ಈ ಮನೆ ಕಟ್ಟಿಸುವಾಗಲೇ ಅದು ದೊಡ್ಡ ಮರವಾಗಿತ್ತಂತೆ. ನಮ್ಮ ಕೇರಿಯ ಎಲ್ಲರ ಮನೆ ಉಪ್ಪಿನಕಾಯಿ ಭರಣಿಗೂ ಮಿಡಿ ಹೋಗುವುದು ಇದರಿಂದಲೇ.

ಈ ಆಷಾಢದಲ್ಲಿ ಬುಡದಲ್ಲಿ ಅಣಬೆ ಎದ್ದಿತು. ಮೊದಲು ಬಿಳಿ ಉಂಡೆ ಥರ ಇತ್ತು. ಈಗ ಅಂಗೈ ಅಗಲ ಆಗಿದೆ. ಮೇಲೆ ಕೆಂಪು ಮಿಶ್ರಿತ ಕಂದು ಬಣ್ಣ, ವಾರ್ನಿಶ್ ಹಚ್ಚಿದ ಹಾಗೆ ಹೊಳಪು. ಅಂಚು ಮಾತ್ರ ಬಿಳಿ. ಒಟ್ಟು ಮೂರು ಇವೆ. ಇದಲ್ಲದೆ ಎದೆಮಟ್ಟದಲ್ಲಿ ಒಂದು ದೊಡ್ಡ ಪೊಟರೆ ಇದೆ. ಅದು ನಾನು ಚಿಕ್ಕವನಿದ್ದಾಗಿನಿಂದಲೂ ಇದೆ.

ಮರ ಕೊಟ್ಟಿಗೆ ಕಡೆಗೆ ಸ್ವಲ್ಪ ವಾಲಿದೆ. ಕೊಟ್ಟಿಗೆಯಲ್ಲಿ ನಾಲ್ಕು ದನ. ಪಕ್ಕದಲ್ಲೇ ಬಚ್ಚಲು ಮನೆ. ಅಪ್ಪಯ್ಯ ಬೆಳಗಿನ ಜಾವ ಹಾಲು ಕರೆಯಲು ಅಲ್ಲಿಗೇ ಹೋಗುತ್ತಾರೆ. ತಮ್ಮ ಕಡಿಸಿಬಿಡೋಣ ಎನ್ನುತ್ತಾನೆ. ಅಮ್ಮ ಬೇಡವೇ ಬೇಡ ಎನ್ನುತ್ತಾಳೆ. ರಾತ್ರಿ ಗಾಳಿ ಎದ್ದರೆ ನನಗೆ ನಿದ್ದೆ ಬರುವುದಿಲ್ಲ. ತಿಳಿದವರು ಹೇಳಿ.

ತೀರ್ಥಹಳ್ಳಿ ತೋಟದವ

ಕಡಿಸಿ ಮಾರಾಯ್ರೆ. ನಮ್ಮಲ್ಲೂ ಹೀಗೇ ಇತ್ತು. ಹಲಸಿನ ಮರ, ಬುಡದಲ್ಲಿ ಅಣಬೆ. ಎಲೆ ಹಸಿರಾಗಿಯೇ ಇತ್ತು, ಕಾಯಿಯೂ ಬಿಡುತ್ತಿತ್ತು. ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆರಿದ್ರಾ ಮಳೆಯಲ್ಲಿ ಒಂದು ರಾತ್ರಿ ಬೇರು ಸಮೇತ ಬಿತ್ತು. ಕೊಟ್ಟಿಗೆ ಮಾಡು ಹೋಯಿತು, ಗಬ್ಬದ ಹಸು ಹೋಯಿತು. ಬಿದ್ದ ಮೇಲೆ ನೋಡಿದರೆ ಬೇರು ಒಂದೂ ಗಟ್ಟಿ ಇರಲಿಲ್ಲ. ಮಿಡಿ ಬೇರೆ ಕಡೆಯೂ ಸಿಗುತ್ತದೆ. ಜೀವ ಸಿಗುವುದಿಲ್ಲ.

ಸಾಗರದ ಅಕ್ಕ

ಅಪ್ಪೆಮಿಡಿ ಮರ ಕಡಿಯುವುದೆಂದರೆ ಹೊಟ್ಟೆ ಉರಿಯುತ್ತದೆ. ಆ ಅಣಬೆ ಕಿತ್ತು ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿದರೆ ಆಗುವುದಿಲ್ಲವಾ? ಪೊಟರೆಗೆ ಸಿಮೆಂಟ್ ತುಂಬಿಸಿ. ನಮ್ಮ ಅತ್ತೆಯ ತವರಿನಲ್ಲಿ ಹಾಗೆ ಮಾಡಿಸಿದ್ದರು.

ಮರ ಹತ್ತುವವ (ಶಿವಮೊಗ್ಗ)

ನಾನು ಅರಣ್ಯ ವಿಷಯ ಓದಿದವನು. ಹತ್ತು ವರ್ಷದಿಂದ ಹಗ್ಗ ಕಟ್ಟಿ ಮರ ಹತ್ತುವ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಅಕ್ಕನ ಪ್ರಶ್ನೆ. ನಮಗೆ ಕಾಣುವ ಅಣಬೆ ಶಿಲೀಂಧ್ರದ ಹಣ್ಣು ಇದ್ದ ಹಾಗೆ. ಅದರ ಮೈ ಇರುವುದು ಮರದ ಒಳಗೆ, ದಾರದಂಥ ಎಳೆಗಳಾಗಿ. ಮಾವಿನ ಹಣ್ಣು ಕೊಯ್ದರೆ ಮರ ಸಾಯುತ್ತದಾ? ಹಾಗೆಯೇ ಇದೂ. ಹಣ್ಣು ಹೊರಗೆ ಬರುವ ಹೊತ್ತಿಗೆ ಒಳಗೆ ಎಷ್ಟೋ ವರ್ಷ ಕೆಲಸ ನಡೆದಿರುತ್ತದೆ. ಬೋರ್ಡೋ ಎಲೆ, ಗೊನೆಯ ಮೇಲಿನ ಕೊಳೆಗೆ ಸರಿ. ಚೇಗಿನ (ಕಾಂಡದ ನಡುವಿನ ಗಟ್ಟಿ ಮರ) ಒಳಗೆ ಸೇರಿದ್ದಕ್ಕೆ ಅದು ತಲುಪುವುದೇ ಇಲ್ಲ. ಅಣಬೆ ಕೀಳಬೇಡಿ. ಎಲ್ಲಿ ಎದ್ದಿದೆ ಎಂಬುದೇ ನಮಗಿರುವ ಒಳ್ಳೆಯ ಸುಳಿವು.

ಸಿಮೆಂಟ್ ಅಂತೂ ಬೇಡ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಎರಡರ ನಡುವೆ ಸಂದು ಬಿಟ್ಟು ನೀರು ನಿಲ್ಲುತ್ತದೆ. ಗಟ್ಟಿ ಇದ್ದ ಭಾಗವೂ ಉಜ್ಜಿ ಹಾಳಾಗುತ್ತದೆ. ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ನಮ್ಮ ಚರ್ಮದ ಗಾಯದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಒಳಗೇ ಕೂಡಿಹಾಕುತ್ತದೆ. ಆಮೇಲೆ ಹೊರಗೆ ಮರದ ಹೊಸ ಪದರ ಬೆಳೆಸಿಕೊಳ್ಳುತ್ತದೆ. ಪೊಟರೆ ಕೆರೆದು ಶುಚಿ ಮಾಡಿದರೆ ಆ ಗೋಡೆಯನ್ನೇ ನಾವು ಒಡೆದ ಹಾಗೆ.

ಇನ್ನು ಮಿಡಿಮನೆ ಅಣ್ಣನಿಗೆ. ಅಣಬೆ ಇದೆ ಎಂದ ಮಾತ್ರಕ್ಕೆ ಕಡಿಯಬೇಕಿಲ್ಲ. ಮರ ಹಸಿರಾಗಿದೆ ಎಂದ ಮಾತ್ರಕ್ಕೆ ನಂಬಿ ಮಲಗುವ ಹಾಗೂ ಇಲ್ಲ. ತೀರ್ಥಹಳ್ಳಿಯವರ ಹಲಸು ಅದನ್ನೇ ಹೇಳುತ್ತದೆ. ಎಲೆಗೆ ನೀರು ಹೋಗುವುದು ಕಾಂಡದ ಹೊರಗಿನ ಎಳೆಯ ಪದರದಿಂದ. ಮರ ನಿಲ್ಲುವುದು ದಪ್ಪ ಬೇರು ಮತ್ತು ಗಟ್ಟಿ ಕಾಂಡದಿಂದ. ಎರಡೂ ಬೇರೆ ಬೇರೆ. ಗಟ್ಟಿ ಮರ ಎಷ್ಟು ಉಳಿದಿದೆ, ಎಲ್ಲಿ ಉಳಿದಿದೆ, ಬಿದ್ದರೆ ಕೆಳಗೆ ಏನಿದೆ? ಇಷ್ಟು ಗೊತ್ತಾಗಬೇಕು.

ಮಳೆ ಬಿಟ್ಟ ಹೊತ್ತು ನೋಡಿ ಇವನ್ನು ಅಳೆದು ಬರೆಯಿರಿ. ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ. ಪೊಟರೆಯ ಒಳಗಿನ ಅಗಲ. ಅಣಬೆ ಎದ್ದಿರುವುದು ಕೊಟ್ಟಿಗೆ ಕಡೆಯಾ, ಹಿಂದಿನ ಕಡೆಯಾ. ಮರದ ಕೊಡತಿ ತೆಗೆದುಕೊಂಡು ಬುಡದಿಂದ ತಲೆಮಟ್ಟದವರೆಗೆ ಸುತ್ತಲೂ ಬಡಿಯುತ್ತಾ ಬನ್ನಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ. ಟೊಳ್ಳಾದಲ್ಲಿ ಡೋಲು ಬಡಿದ ಹಾಗೆ ಕೇಳುತ್ತದೆ. ಬುಡದ ಮಣ್ಣನ್ನು ಕೈಯಲ್ಲೇ ಸರಿಸಿ, ದಪ್ಪ ಬೇರುಗಳಿಗೆ ಹಳೇ ಕೊಡೆಯ ಕಡ್ಡಿ ಚುಚ್ಚಿ ನೋಡಿ. ಗುದ್ದಲಿ ಹಾಕಬೇಡಿ. ಮತ್ತೆ, ಆ ಮರದ ಹತ್ತಿರ ಕಳೆದ ಹತ್ತು ವರ್ಷದಲ್ಲಿ ಮಣ್ಣು ಕೆಲಸ ಏನಾದರೂ ಆಗಿದೆಯಾ, ನೆನಪು ಮಾಡಿಕೊಳ್ಳಿ.

ಅಲ್ಲಿಯವರೆಗೆ ದನಗಳನ್ನು ಬೇರೆ ಕಡೆ ಕಟ್ಟಿ. ಮರ ಕಾಯಬಹುದು, ಇದು ಕಾಯುವುದಿಲ್ಲ.

ತೀರ್ಥಹಳ್ಳಿ ತೋಟದವ

ಪೊಟರೆ ಇರುವ ಮರ ಟೊಳ್ಳೇ ಅಲ್ವಾ? ಅಳೆದು ಏನು ಗೊತ್ತಾಗುತ್ತದೆ?

ಮರ ಹತ್ತುವವ (ಶಿವಮೊಗ್ಗ)

ಟೊಳ್ಳಾದದ್ದೆಲ್ಲ ದುರ್ಬಲ ಅಲ್ಲ ರಾಯರೇ. ಬಿದಿರು ನೋಡಿ. ಕಾಂಡ ಬಾಗುವಾಗ ಭಾರವೆಲ್ಲ ಹೊರಗಿನ ಭಾಗದ ಮೇಲೆ ಬೀಳುತ್ತದೆ. ನಡುವಿನ ಮರಕ್ಕೆ ಕೆಲಸ ಕಡಿಮೆ. ಲೆಕ್ಕ ಹಾಕಿದರೆ, ಅಡ್ಡಳತೆಯ ಅರ್ಧದಷ್ಟು ಟೊಳ್ಳಾದ ಕಾಂಡ ಬಾಗುವ ಬಲದಲ್ಲಿ ಕಳೆದುಕೊಳ್ಳುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಶೇ 70ರಷ್ಟು ಟೊಳ್ಳಾದರೆ ಸುಮಾರು ಕಾಲು ಭಾಗ. ಅಲ್ಲಿಂದ ಮುಂದೆ ಬೇಗ ಬೇಗ ಇಳಿಯುತ್ತದೆ. ಶೇ 90 ಟೊಳ್ಳಾದರೆ ಮೂರರಲ್ಲಿ ಎರಡು ಪಾಲು ಹೋಯಿತು.

ಜರ್ಮನಿಯ ಕ್ಲಾಸ್ ಮಾಥೆಕ್ ಎಂಬವರು ಬಿದ್ದ ಮರ, ನಿಂತ ಮರ ಎರಡನ್ನೂ ಅಳೆದು ಒಂದು ಅಂದಾಜು ಕೊಟ್ಟಿದ್ದಾರೆ. ಉಳಿದ ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಆದರೆ ಎಚ್ಚರ ಬೇಕು ಎಂದು. ಇದು ಅಂದಾಜು ಮಾತ್ರ. ಗೋಡೆ ಸುತ್ತಲೂ ಸಮ ಇಲ್ಲದಿದ್ದರೆ, ಪೊಟರೆಯ ಬಾಯಿ ದೊಡ್ಡದಿದ್ದರೆ, ಕಾಂಡ ಸೀಳಿದ್ದರೆ ಈ ಲೆಕ್ಕ ನಂಬಬಾರದು. ಬೇರಿನ ವಿಷಯವನ್ನಂತೂ ಇದು ಹೇಳುವುದೇ ಇಲ್ಲ.

ವಿನೋಬನಗರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಬೀದಿಯ ಗುಲ್‌ಮೊಹರ್ ಮರದ ಬುಡದವರೆಗೂ ಕಾಂಕ್ರೀಟ್ ಹಾಕಿದ್ದಾರೆ. ಚರಂಡಿ ತೋಡುವಾಗ ಒಂದು ಕಡೆ ಬೇರು ಕಡಿದಿದ್ದಾರೆ. ಈಗ ಕಂದು ಬಣ್ಣದ ಅಣಬೆ ಬಂದಿದೆ. ಅದರ ಕೆಳಗೇ ಶಾಲೆ ವ್ಯಾನ್ ನಿಲ್ಲುತ್ತದೆ. ಇದೂ ಅದೇ ಥರದ್ದಾ?

ಮರ ಹತ್ತುವವ (ಶಿವಮೊಗ್ಗ)

ನಿಮ್ಮದಕ್ಕೆ ನಾನು ಹೆಚ್ಚು ಯೋಚಿಸುವುದಿಲ್ಲ. ಗುಲ್‌ಮೊಹರ್ ಬೇರು ಮೇಲ್ಮೇಲೆ ಹರಡುತ್ತದೆ, ಮರವೂ ಪೆಡಸು. ಬೇರು ಕಡಿದಿದ್ದಾರೆ, ಅಣಬೆ ಬಂದಿದೆ, ಕೆಳಗೆ ಮಕ್ಕಳು. ಇವತ್ತೇ ವ್ಯಾನ್ ನಿಲ್ಲುವ ಜಾಗ ಬದಲಿಸಿ. ಫೋಟೊ ಸಮೇತ ಮಹಾನಗರ ಪಾಲಿಕೆಗೂ ಅರಣ್ಯ ಇಲಾಖೆಗೂ ಲಿಖಿತ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ.

ಮಿಡಿಮನೆ (ಹೊಸನಗರ ತಾಲ್ಲೂಕು)

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ದನಗಳನ್ನು ಅವತ್ತೇ ಸೌದೆ ಮನೆಗೆ ದಾಟಿಸಿದೆವು.

ಸುತ್ತಳತೆ 3.3 ಮೀಟರ್. ಪೊಟರೆ ಒಳಗೆ ಕೋಲು ಹಾಕಿ ಅಳೆದೆ, ಸುಮಾರು 50 ಸೆಂ.ಮೀ. ಅಗಲ. ಬಾಯಿ ಒಂದು ಗೇಣಿಗಿಂತ ಕಡಿಮೆ. ಪೊಟರೆಯ ಸುತ್ತ ಬಡಿದರೆ ಗಟ್ಟಿ ಸದ್ದೇ ಬರುತ್ತದೆ.

ಅಣಬೆ ಮೂರೂ ಇರುವುದು ಕೊಟ್ಟಿಗೆಯ ಕಡೆ ಅಲ್ಲ, ಹಿಂದಿನ ಕಡೆ. ಅಲ್ಲಿ ನೆಲದಿಂದ ಮೊಣಕಾಲಿನವರೆಗೆ ಬಡಿದರೆ ಡೋಲಿನ ಸದ್ದು. ಮಣ್ಣು ಸರಿಸಿ ನೋಡಿದೆ. ಆ ಕಡೆಯ ಎರಡು ದಪ್ಪ ಬೇರಿಗೆ ಕೊಡೆ ಕಡ್ಡಿ ಗೇಣುದ್ದ ಒಳಗೆ ಹೋಯಿತು, ಬೆಣ್ಣೆಗೆ ಚುಚ್ಚಿದ ಹಾಗೆ. ಕಿತ್ತು ನೋಡಿದರೆ ಬಿಳಿ ಬಿಳಿ, ಮೆತ್ತಗೆ, ನಾರು ನಾರಾಗಿ ಬರುತ್ತದೆ. ಕೊಟ್ಟಿಗೆ ಕಡೆಯ ಬೇರು ಗಟ್ಟಿ ಇದೆ.

ಮಣ್ಣು ಕೆಲಸದ ಬಗ್ಗೆ ಕೇಳಿದ್ದಿರಿ. ಎಂಟು ವರ್ಷದ ಹಿಂದೆ ತೋಟಕ್ಕೆ ಪಿಕಪ್ ಹೋಗಲಿ ಎಂದು ಮರದ ಹಿಂದೆ ಜೆಸಿಬಿ ತರಿಸಿ ದರೆ (ಮಣ್ಣಿನ ದಿಬ್ಬ) ಕಡಿಸಿದೆವು. ಮರದಿಂದ ಐದು ಅಡಿ ದೂರ ಇರಬಹುದು. ಅವತ್ತು ತೊಡೆ ದಪ್ಪದ ಬೇರುಗಳು ತುಂಡಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಮರಕ್ಕೆ ಏನೂ ಆಗಲಿಲ್ಲ ಎಂದೇ ಅಂದುಕೊಂಡಿದ್ದೆವು.

ಮರ ಹತ್ತುವವ (ಶಿವಮೊಗ್ಗ)

ಇಷ್ಟು ಚೆನ್ನಾಗಿ ನೋಡಿ ಬರೆದಿದ್ದೀರಿ, ತುಂಬಾ ಉಪಕಾರ ಆಯಿತು.

ಪೊಟರೆಯ ಲೆಕ್ಕ ಮೊದಲು. 3.3 ಮೀಟರ್ ಸುತ್ತಳತೆ ಎಂದರೆ ಅಡ್ಡಳತೆ ಸುಮಾರು 105 ಸೆಂ.ಮೀ. ತ್ರಿಜ್ಯ 52. ಟೊಳ್ಳು 50 ಆದರೆ ಗೋಡೆ ಸರಾಸರಿ 27 ಸೆಂ.ಮೀ. ಉಳಿದಿದೆ. ತ್ರಿಜ್ಯದ ಅರ್ಧಕ್ಕಿಂತ ಜಾಸ್ತಿ. ನೀವೆಲ್ಲ ಇಷ್ಟು ವರ್ಷ ಹೆದರಿದ ಪೊಟರೆ ಈ ಮರವನ್ನು ಬೀಳಿಸುವುದಿಲ್ಲ.

ನನಗೆ ಭಯ ಇರುವುದು ಬುಡದಲ್ಲಿ. ಮರ ಕೊಟ್ಟಿಗೆ ಕಡೆ ವಾಲಿದೆ. ಅದನ್ನು ಹಿಂದಿನಿಂದ ಹಗ್ಗದ ಹಾಗೆ ಎಳೆದು ಹಿಡಿಯುವುದು ಎದುರು ಕಡೆಯ ಬೇರುಗಳು. ಅವೇ ಕೊಳೆತು ಕುಂಬಾಗಿವೆ. ಕೊಳೆ ಇದೇ ಪ್ರಮಾಣದಲ್ಲಿ ಕೊಟ್ಟಿಗೆ ಕಡೆ ಇದ್ದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ನಾರು ನಾರಾಗಿ ಬಿಳಿಯಾಗಿ ಬರುವುದು ಬಿಳಿ ಕೊಳೆ. ಮರವನ್ನು ಗಟ್ಟಿ ಇಡುವ ಲಿಗ್ನಿನ್ ಅನ್ನು ಈ ಶಿಲೀಂಧ್ರ ತಿನ್ನುತ್ತದೆ. ಕಂದು ಕೊಳೆ ಎಂದು ಇನ್ನೊಂದಿದೆ. ಅದರಲ್ಲಿ ಮರ ಚೌಕ ಚೌಕ ಬಿರುಕು ಬಿಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಕಂದು ಕೊಳೆಯ ಮರ ಮುನ್ಸೂಚನೆ ಕೊಡದೆ ಪಟ್ ಅಂತ ಮುರಿಯುತ್ತದೆ. ಬಿಳಿ ಕೊಳೆ ಹಿಡಿದದ್ದು ಕೆಲವು ಸಲ ಉಬ್ಬಿ, ಬಾಗಿ ಸುಳಿವು ಕೊಡುತ್ತದೆ. ಆದರೆ ಬೇರು ಕೊಳೆತಾಗ ಆ ಸುಳಿವು ಮಣ್ಣಿನಡಿ ಮುಚ್ಚಿಹೋಗುತ್ತದೆ.

ನೀವು ಹೇಳಿದ ಹೊಳಪು, ಬಿಳಿ ಅಂಚು ನೋಡಿದರೆ ಗ್ಯಾನೊಡರ್ಮಾ ಜಾತಿ. ಅಡಿಕೆಗೆ ಬರುವ ಅಣಬೆ ರೋಗವೂ ಇದೇ ಕುಲದ್ದು. ಕಡಿದ ಬೇರಿನ ಗಾಯದಿಂದ ಒಳಗೆ ಹೋಗಿರಬಹುದು. ದೊಡ್ಡ ಮರದ ಹತ್ತಿರ ಮಣ್ಣು ತೆಗೆಯುವಾಗ ಬ್ರಿಟಿಷ್ ಮಾನದಂಡದಲ್ಲಿ ಒಂದು ಅಳತೆ ಇದೆ: ಕಾಂಡದ ಅಡ್ಡಳತೆಯ 12 ಪಟ್ಟು ದೂರ ಬಿಡಬೇಕು. ನಿಮ್ಮ ಮರಕ್ಕೆ ಅದು ಹನ್ನೆರಡೂವರೆ ಮೀಟರ್. ನೀವು ಬಿಟ್ಟದ್ದು ಐದು ಅಡಿ. ಆ ಬೇಸರ ಈಗ ಮಾಡಿಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಎಲ್ಲರೂ ಹೀಗೇ ದರೆ ಕಡಿಸುತ್ತಾರೆ.

ಇನ್ನೆರಡು ಕೆಲಸ ಇದೆ. ಮರದ ಹಳೇ ಫೋಟೊ ಇದ್ದರೆ ವಾಲಿಕೆ ಹೋಲಿಸಿ ನೋಡಿ. ಹಿಂದಿನ ಕಡೆ ನೆಲದಲ್ಲಿ ಬಿಲ್ಲಿನ ಆಕಾರದ ಬಿರುಕು ಇದೆಯಾ ಹುಡುಕಿ. ಇದ್ದರೆ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ದಿನಾ ಅಳೆಯಿರಿ.

ತೀರ್ಥಹಳ್ಳಿ ತೋಟದವ

ಅಣಬೆ ರೋಗ ಎಂದಿರಲ್ಲ. ಅಡಿಕೆಗೆ ನಾವು ಮಾಡುವ ಹಾಗೆ ಮರದ ಸುತ್ತ ಕಂದಕ ತೋಡಿದರೆ ತೋಟಕ್ಕೆ ಹರಡುವುದು ತಪ್ಪುವುದಿಲ್ಲವಾ?

ಮರ ಹತ್ತುವವ (ಶಿವಮೊಗ್ಗ)

ಆ ಕೆಲಸ ಮಾತ್ರ ಮಾಡಬೇಡಿ! ಅಡಿಕೆ ಬೇರು ಬೆರಳು ಗಾತ್ರದ್ದು, ಬುಡದ ಸುತ್ತ ಒತ್ತೊತ್ತಾಗಿ ಇರುತ್ತದೆ. ಮಾವಿನದು ಹಾಗಲ್ಲ. ಕಂದಕ ತೋಡಿದರೆ ಉಳಿದಿರುವ ಗಟ್ಟಿ ಬೇರೂ ಹೋಗಿ ಮರ ನಿಮ್ಮ ಮೇಲೇ ಬೀಳುತ್ತದೆ. ರೋಗ ಬೇರಿಂದ ಬೇರಿಗೆ ತಾಗಿ ಹರಡುವುದು ನಿಜ. ಕಂದಕ ಬೇಕಾದರೆ ತೋಟದ ಅಂಚಿನಲ್ಲಿ ತೋಡಿ.

ಸಾಗರದ ಅಕ್ಕ

ಎಲ್ಲ ಕೊಂಬೆ ಸವರಿ ಬೋಳು ಮಾಡಿ ಮರ ಉಳಿಸಬಹುದಲ್ವಾ? ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಪ್ರತಿ ವರ್ಷ ಸವರುತ್ತಾರೆ, ಮರ ಮತ್ತೆ ಚಿಗುರುತ್ತದೆ.

ಮರ ಹತ್ತುವವ (ಶಿವಮೊಗ್ಗ)

ಒಳ್ಳೆಯ ಪ್ರಶ್ನೆ ಅಕ್ಕ. ಮರದ ಎತ್ತರ ಸ್ವಲ್ಪ ಇಳಿಸಿದರೂ ಬುಡಕ್ಕೆ ಬೀಳುವ ಎಳೆತ ತುಂಬಾ ಕಡಿಮೆ ಆಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟು ಆಗುತ್ತದೆ. ಹಾಗಾಗಿ ತುದಿಯ ಹರೆಗಳನ್ನು ಅಳತೆ ನೋಡಿ ಇಳಿಸುವುದು ಸರಿಯಾದ ದಾರಿ. ಕಾಂಡ ಕೊಳೆತ ಎಷ್ಟೋ ಮರಗಳನ್ನು ಹಾಗೆ ಉಳಿಸಿದ್ದೇನೆ. ಆದರೆ ಪೂರ್ತಿ ಬೋಳು ಮಾಡಿದರೆ ಮರಕ್ಕೆ ಊಟ ಇಲ್ಲ. ಊಟ ಇಲ್ಲದೆ ಹೊಸ ಪದರ ಬೆಳೆಸಿ ಕೊಳೆಯನ್ನು ತಡೆಯುವುದು ಹೇಗೆ? ಸೊಪ್ಪಿನ ಬೆಟ್ಟದ ಮರಗಳ ಹಳೇ ಕಡಿತಗಳನ್ನು ಹತ್ತಿರದಿಂದ ನೋಡಿ. ಎಷ್ಟೋ ಕಡೆ ಕೊಳೆತು ಲಡ್ಡು ಹಿಡಿದಿರುತ್ತದೆ. ಹೊಸ ಚಿಗುರು ಆ ಲಡ್ಡಿನ ಅಂಚಿನಿಂದಲೇ ಹೊರಟಿರುತ್ತದೆ, ದಪ್ಪ ಆದ ಮೇಲೆ ಕಳಚಿ ಬೀಳುತ್ತದೆ.

ಆಲದ ಮರವಾಗಿದ್ದರೆ ಬೇರೆ ಮಾತು. ಕೋಲ್ಕತ್ತ ಪಕ್ಕದ ಹೌರಾದ ದೊಡ್ಡ ಆಲಕ್ಕೆ 1864 ಮತ್ತು 1867ರ ಚಂಡಮಾರುತಗಳ ನಂತರ ಶಿಲೀಂಧ್ರ ತಗುಲಿತು. 1925ರಲ್ಲಿ ಮುಖ್ಯ ಕಾಂಡವನ್ನೇ ತೆಗೆದರು. ಬಿಳಲುಗಳ ಮೇಲೆ ಅದು ಇಂದಿಗೂ ಬೆಳೆಯುತ್ತಿದೆ. ಮಾವಿಗೆ ಆ ಭಾಗ್ಯ ಇಲ್ಲ.

ಮಿಡಿಮನೆ (ಹೊಸನಗರ ತಾಲ್ಲೂಕು)

ಚಿಕ್ಕಮ್ಮನ ಮದುವೆ ಫೋಟೊ ಸಿಕ್ಕಿತು. ಹಿಂದೆ ಮರ ಕಾಣುತ್ತದೆ. ಆಗಲೂ ಹೀಗೇ ವಾಲಿತ್ತು. ನೋಡಿ ಸಮಾಧಾನ ಆಯಿತು.

ಆದರೆ ಬಿರುಕು ಇದೆ. ತರಗೆಲೆ ಗುಡಿಸಿದ ಮೇಲೆ ಕಂಡಿತು. ಗೂಟ ಹೊಡೆದ ದಿನ ಅಂತರ 40 ಸೆಂ.ಮೀ. ಇಟ್ಟಿದ್ದೆ. ಮೊನ್ನೆ ರಾತ್ರಿ ಗಾಳಿ ಮಳೆ ಆಯಿತಲ್ಲ, ಬೆಳಿಗ್ಗೆ ನೋಡಿದರೆ 41. ಎರಡು ಸಲ ಅಳೆದೆ.

ಮರ ಹತ್ತುವವ (ಶಿವಮೊಗ್ಗ)

ಅಣ್ಣ, ವಾಲಿಕೆ ಹಳೆಯದು. ಬಿರುಕು ಹೊಸದು. ಬೇರಿನ ಗಡ್ಡೆ ಏಳುತ್ತಿದೆ.

ಶಬ್ದದ ಅಲೆ ಕಳಿಸಿ ಕಾಂಡದ ಒಳಗಿನ ಚಿತ್ರ ತೆಗೆಯುವ ಯಂತ್ರ ಇದೆ. ಸಪೂರ ಸೂಜಿ ಕೊರೆದು ಮರದ ಗಟ್ಟಿತನ ದಾಖಲಿಸುವ ರೆಸಿಸ್ಟೊಗ್ರಾಫ್ ಇದೆ. ಅನುಮಾನ ಇದ್ದಲ್ಲಿ ಅವುಗಳಿಂದ ಬಹಳ ಉಪಯೋಗ. ಆದರೆ ನಿಮ್ಮ ಗೂಟವೇ ಉತ್ತರ ಕೊಟ್ಟಿದೆ. ಕೊಟ್ಟಿಗೆ, ಬಚ್ಚಲು ಎರಡೂ ಮರ ಬೀಳುವ ದಾರಿಯಲ್ಲಿವೆ. ಬಚ್ಚಲನ್ನು ಎತ್ತಿ ಬೇರೆ ಕಡೆ ಇಡಲು ಆಗುವುದಿಲ್ಲ. ಈ ಮರವನ್ನು ಕಡಿದು ಇಳಿಸಬೇಕು. ಇದನ್ನು ಬರೆಯುವಾಗ ನನಗೂ ಸಂಕಟ ಆಗುತ್ತಿದೆ.

ಇವತ್ತಿನಿಂದ ಆ ಬಚ್ಚಲು ಬಳಸಬೇಡಿ. ಮಳೆ ಬರುವಾಗ ಅಪ್ಪಯ್ಯನವರನ್ನು ಆ ಕಡೆ ಬಿಡಬೇಡಿ. ಯಾರನ್ನೂ ಮರ ಹತ್ತಿಸಬೇಡಿ. ಬೇರು ಸಡಿಲ ಇರುವ ಮರಕ್ಕೆ ಹತ್ತಿದವನ ಭಾರವೂ ಸಾಕು. ಪಕ್ಕದ ಗಟ್ಟಿ ಮರಗಳಿಗೆ ಹಿಂದಿನಿಂದ ಬಿಗಿದು ಕಟ್ಟಿ, ಆಮೇಲೆ ತುಂಡು ತುಂಡಾಗಿ ಇಳಿಸಬೇಕು. ಗೊತ್ತಿದ್ದವರೇ ಮಾಡಲಿ.

ಅರ್ಜಿ ಬರೆಯುವವಳು

ಕಾಗದದ ವಿಷಯ ಮರೆಯಬೇಡಿ. ಸ್ವಂತ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಆ ಪಟ್ಟಿ ತಿದ್ದುಪಡಿ ಆಗಿದೆ. ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಜೀವಕ್ಕೆ, ಆಸ್ತಿಗೆ ಅಪಾಯ ಎಂದು ಬರೆದು ಬಿರುಕು, ಗೂಟ, ಅಣಬೆಯ ಫೋಟೊ ಲಗತ್ತಿಸಿ. ಹತ್ತಿರ ವಿದ್ಯುತ್ ತಂತಿ ಇದ್ದರೆ ಮೆಸ್ಕಾಂಗೆ ಮೊದಲೇ ತಿಳಿಸಿ ಲೈನ್ ತೆಗೆಸಿ.

ಕಸಿ ಮನೆ (ಸಾಗರ)

ಮರ ಹೋದರೂ ತಳಿ ಹೋಗಬೇಕಿಲ್ಲ. ಈಗ ಗಾಳಿಯಲ್ಲಿ ತೇವ ಇದೆ, ಕಸಿ ಹಿಡಿಯುವ ಕಾಲ. ಪೆನ್ಸಿಲ್ ದಪ್ಪದ, ಮೂರ್ನಾಲ್ಕು ತಿಂಗಳು ಬಲಿತ ಕಡ್ಡಿ ಆರಿಸಿ. ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಿ. ವಾರ ಹತ್ತು ದಿನಕ್ಕೆ ಮೊಗ್ಗು ಉಬ್ಬುತ್ತದೆ. ಆಗ ಕೊಯ್ದು ಒದ್ದೆ ಬಟ್ಟೆ ಸುತ್ತಿ ತನ್ನಿ. ಹತ್ತಬೇಡಿ, ದೋಟಿ ಬಳಸಿ. ತೋಟದ ಕಡೆಯ ಹರೆ ತಗ್ಗಿನಲ್ಲಿ ಇದ್ದರೆ ಅದರಿಂದಲೇ ತೆಗೆಯಿರಿ, ಗಾಳಿ ಇಲ್ಲದ ಬೆಳಿಗ್ಗೆ.

ಕೊಪ್ಪದ ಹಕ್ಕಿ ಪ್ರೇಮಿ

ಇಳಿಸುವ ಮೊದಲು ಪೊಟರೆ ಒಳಗೆ ಬ್ಯಾಟರಿ ಹಾಕಿ ನೋಡಿ. ಮಂಗಟ್ಟೆ ಗೂಡು ಮಾಡುವುದು ಬೇಸಿಗೆಯಲ್ಲಿ, ಈಗ ಇರುವುದಿಲ್ಲ. ಆದರೆ ಹಾರುಬೆಕ್ಕು (ಹಾರುವ ಅಳಿಲು), ಗೂಬೆ ಇರಬಹುದು.

ಮಿಡಿಮನೆ (ಹೊಸನಗರ ತಾಲ್ಲೂಕು)

ದೀಪಾವಳಿ ಮುಗಿದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು.

ವಲಯ ಕಚೇರಿಯವರು ಹೇಳಿದ ಹಾಗೆ ಕಾಗದ ಪತ್ರ ಮಾಡಿಸಿದೆವು. ಮಳೆ ಬಿಡುವು ಕೊಟ್ಟ ವಾರ ಮರ ಇಳಿಸಿದರು. ಎರಡು ದಿನ ಹಿಡಿಯಿತು. ಕೊಟ್ಟಿಗೆಯ ಒಂದು ಹಂಚೂ ಒಡೆಯಲಿಲ್ಲ. ಕೊನೆಗೆ ಗೂಟದ ಅಂತರ 44 ಸೆಂ.ಮೀ. ಆಗಿತ್ತು.

ಕಡಿದ ತುಂಡು ನೋಡಿದೆವು. ಎದೆಮಟ್ಟದ ಪೊಟರೆಯ ಸುತ್ತ ಮರ ಕಬ್ಬಿಣದ ಹಾಗಿತ್ತು. ಮೊಣಕಾಲಿನ ಕೆಳಗೆ ಹಿಂದಿನ ಕಡೆ ಗಟ್ಟಿ ಮರ ಎರಡು ಬೆರಳು ದಪ್ಪ ಮಾತ್ರ. ಅದರ ಒಳಗೆಲ್ಲ ಬಿಳಿ ನಾರು. ತಮ್ಮ ಮತ್ತು ಅಮ್ಮ ಇಬ್ಬರೂ ತುಂಬಾ ಹೊತ್ತು ಅಲ್ಲೇ ನಿಂತಿದ್ದರು. ಅಪ್ಪಯ್ಯ ಏನೂ ಮಾತಾಡಲಿಲ್ಲ. ಸಂಜೆ ದನಗಳನ್ನು ಮತ್ತೆ ಕೊಟ್ಟಿಗೆಗೆ ಕಟ್ಟಿದರು.

ಕಸಿಗೆ 24 ಕಡ್ಡಿ ಕೊಟ್ಟಿದ್ದೆವು. 17 ಚಿಗುರಿವೆ. ಎರಡನ್ನು ಬರುವ ಮಳೆಗಾಲಕ್ಕೆ ಅಂಗಳದ ಆಚೆ ನೆಡುತ್ತೇವೆ, ಹಳೇ ಬುಡದಿಂದಲೂ ಕೊಟ್ಟಿಗೆಯಿಂದಲೂ ದೂರ. ನಾಲ್ಕು ನೆಂಟರಿಗೆ ಹೋಗುತ್ತವೆ. ತೀರ್ಥಹಳ್ಳಿಯವರಿಗೆ ಒಂದು ಎತ್ತಿಟ್ಟಿದ್ದೇನೆ, ಅಕ್ಕನಿಗೆ ಒಂದು. ಉಳಿದವು ಬೇಕಾದವರು ಇಲ್ಲೇ ಬರೆಯಿರಿ.